ಐವತ್ತು ವರ್ಷ ಮೀರಿದ ವಾಹನಗಳ ವಿಂಟೇಜ್ ನೋಂದಣಿ ಮತ್ತು ಸಹಾಯಾರ್ಥ ರ‍್ಯಾಲಿಗಳಲ್ಲಿ ಅವುಗಳ ಬಳಕೆ: ಅರ್ಜಿದಾರರಿಗೆ ಮಾಹಿತಿ

ಹಳೆಯ ಕಾರು ಹಾಗೂ ಮೋಟಾರ್ ಸೈಕಲ್‌ಗಳನ್ನು ಮೂಲ ಸ್ವರೂಪದಲ್ಲಿ ಕಾಪಾಡಿಕೊಂಡು ಬಂದಿರುವ ಮಾಲೀಕರ ಅನುಕೂಲಕ್ಕಾಗಿ ಕೇಂದ್ರ ಮೋಟಾರು ವಾಹನ ನಿಯಮಗಳು, 1989ಕ್ಕೆ 81ಎ ಇಂದ 81ಜಿ ವರೆಗಿನ ನಿಯಮಗಳನ್ನು ಸೇರಿಸಲಾಗಿದೆ. ಈ ತಿದ್ದುಪಡಿಯನ್ನು ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯವು 2021ರ ಜುಲೈ 15ರಂದು ಅಧಿಸೂಚಿಸಿತು. ಅದಕ್ಕೆ ಮೊದಲು ಇಂತಹ ವಾಹನಗಳಿಗಾಗಿ ದೇಶಾದ್ಯಂತ ಅನ್ವಯಿಸುವ ಪ್ರತ್ಯೇಕ ನೋಂದಣಿ ಕ್ರಮ ಇರಲಿಲ್ಲ. ಈ ನೋಂದಣಿಯಿಂದ ದೊರೆಯುವ ಅನುಕೂಲಗಳ ಜೊತೆಗೆ ಕೆಲವು ನಿರ್ಬಂಧಗಳೂ ಬರುತ್ತವೆ. ಆದ್ದರಿಂದ ಅರ್ಜಿ ಸಲ್ಲಿಸುವ ಮುನ್ನ, ಮುಖ್ಯವಾಗಿ ಸಂಘಗಳು ಏರ್ಪಡಿಸುವ ಸಹಾಯಾರ್ಥ ರ‍್ಯಾಲಿಗಳಲ್ಲಿ ಭಾಗವಹಿಸುವ ಉದ್ದೇಶವಿರುವ ಮಾಲೀಕರು, ಈ ಕೆಳಗಿನ ವಿವರಗಳನ್ನು ಗಮನಿಸುವುದು ಅವಶ್ಯ.

ಯಾವ ವಾಹನ ವಿಂಟೇಜ್ ಎನಿಸುತ್ತದೆ

ಮೊದಲ ನೋಂದಣಿಯ ದಿನಾಂಕದಿಂದ 50 ವರ್ಷ ಮೀರಿದ ದ್ವಿಚಕ್ರ ವಾಹನಗಳು ಮತ್ತು ನಾಲ್ಕು ಚಕ್ರದ ಪ್ರಯಾಣಿಕ ವಾಹನಗಳು ಈ ವ್ಯಾಪ್ತಿಗೆ ಬರುತ್ತವೆ. ಹೊರದೇಶದಿಂದ ಆಮದಾದ ವಾಹನಗಳೂ ಇದರಲ್ಲಿ ಸೇರಿವೆ. ಅವಧಿಯನ್ನು ಎಣಿಸುವುದು ತಯಾರಿಕೆಯ ವರ್ಷದಿಂದಲ್ಲ, ಮೊದಲ ನೋಂದಣಿಯಿಂದ. 1974ರ ಜೂನ್‌ನಲ್ಲಿ ಮೊದಲು ನೋಂದಣಿಯಾದ ಅಂಬಾಸಿಡರ್ 2024ರ ಜೂನ್‌ನಲ್ಲಿ ಐವತ್ತು ವರ್ಷ ಪೂರೈಸಿತು. ಹೀಗೆ ಪ್ರತಿ ವರ್ಷ ಹೊಸದಾಗಿ ಒಂದಷ್ಟು ವಾಹನಗಳು ಅರ್ಹತೆ ಪಡೆಯುತ್ತಾ ಹೋಗುತ್ತವೆ. ಹಳೆಯ ಲಾರಿ ಮತ್ತು ಬಸ್ಸುಗಳು ಎಷ್ಟೇ ಚೆನ್ನಾಗಿದ್ದರೂ ಈ ನಿಯಮಗಳಡಿ ಬರುವುದಿಲ್ಲ.

ವಿಂಟೇಜ್ ಎಂದೊಡನೆ ದೊಡ್ಡ ವಿದೇಶಿ ಕಾರುಗಳೇ ನೆನಪಿಗೆ ಬರುವುದು ಸಹಜ. ಆದರೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ತಯಾರಾದ ಜಾವಾ ಮೋಟಾರ್ ಸೈಕಲ್‌ಗಳ ಪೈಕಿ ಮೊದಲ ದಶಕದವುಗಳೆಲ್ಲ ಈಗ ವಯಸ್ಸಿನ ಷರತ್ತನ್ನು ಪೂರೈಸಿವೆ. ಇದನ್ನು ತಿಳಿಯದ ಅನೇಕರು ಅವುಗಳನ್ನು ಗುಜರಿಗೆ ಹಾಕುವ ಅಥವಾ ಬಿಡಿಭಾಗಗಳಿಗಾಗಿ ಮಾರುವ ಆಲೋಚನೆ ಮಾಡುವುದುಂಟು. ದಾಖಲೆ ಸರಿಯಿರುವ ಜಾವಾ ಗಾಡಿಯು ನೋಂದಣಿಗೆ ಯಾವ ಆಮದು ಕಾರಿಗೂ ಕಡಿಮೆಯಿಲ್ಲದ ಅರ್ಹತೆ ಹೊಂದಿದೆ.

ವಯಸ್ಸಿನಷ್ಟೇ ಮುಖ್ಯವಾದುದು ಎರಡನೆಯ ಷರತ್ತು. ವಾಹನವು ಮೂಲ ಸ್ವರೂಪದಲ್ಲಿ ಉಳಿದಿರಬೇಕು. ಚಾಸಿ, ಬಾಡಿ ಅಥವಾ ಎಂಜಿನ್‌ನ ಬದಲಾವಣೆಯನ್ನು ಒಳಗೊಂಡ ಗಣನೀಯ ಮಾರ್ಪಾಟಿಗೆ ಒಳಗಾಗಿರಬಾರದು. ಹೆಚ್ಚಿನ ಅರ್ಜಿಗಳಿಗೆ ತೊಡಕಾಗುವುದು ಇಲ್ಲಿಯೇ. ಒಂದು ಕಾಲದಲ್ಲಿ ಪೆಟ್ರೋಲ್ ಖರ್ಚು ತಪ್ಪಿಸಲು ಅಂಬಾಸಿಡರ್ ಮತ್ತು ಜೀಪುಗಳಿಗೆ ಡೀಸೆಲ್ ಎಂಜಿನ್ ಕೂರಿಸುವುದು ಸಾಮಾನ್ಯವಾಗಿತ್ತು. ಅಂದು ನೋಂದಣಿ ಪ್ರಾಧಿಕಾರದ ಅನುಮತಿ ಪಡೆದು ಮಾಡಿಸಿದ ಬದಲಾವಣೆಯಾದರೂ ಆ ವಾಹನ ಮೂಲ ಸ್ವರೂಪದಲ್ಲಿದೆ ಎಂದು ಹೇಳಲಾಗದು. ಮುಚ್ಚಿದ ಬಾಡಿಯ ಮೇಲ್ಛಾವಣಿ ಕತ್ತರಿಸಿ ತೆರೆದ ಕಾರನ್ನಾಗಿ ಮಾಡಿಸಿದ್ದರೂ ಹಾಗೆಯೇ. ವಾಹನಗಳ ಮೂಲ ನಿರ್ದಿಷ್ಟತೆಗಳಿಗೆ ವ್ಯತಿರಿಕ್ತವಾದ ಮಾರ್ಪಾಟು ಸಲ್ಲದೆಂದು ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ನೀಡಿದ ತೀರ್ಪನ್ನೂ ಮಾಲೀಕರು ನೆನಪಿನಲ್ಲಿಡಬೇಕು.

ಸವೆದ ಬ್ರೇಕ್ ಲೈನಿಂಗ್, ಟೈರು, ಬ್ಯಾಟರಿ, ವೈರಿಂಗ್, ರಬ್ಬರ್ ಕೊಳವೆಗಳನ್ನು ಬದಲಾಯಿಸುವುದು ಸಾಮಾನ್ಯ ನಿರ್ವಹಣೆಯೇ ಹೊರತು ಮಾರ್ಪಾಟಲ್ಲ. ಕೊಳವೆಗಳ ವಿಷಯದಲ್ಲಂತೂ ವಿಳಂಬ ಮಾಡದಿರುವುದು ಒಳಿತು. ಈಗಿನ ಪೆಟ್ರೋಲ್‌ನಲ್ಲಿ ಬೆರೆಸಲಾಗುವ ಎಥನಾಲ್‌ನಿಂದ ಹಳೆಯ ಕಾಲದ ರಬ್ಬರ್ ಉಬ್ಬಿ ಬಿರಿಯುತ್ತದೆ. ಸೋರಿದ ಇಂಧನ ಬಿಸಿ ಎಂಜಿನ್ ಮೇಲೆ ಬಿದ್ದರೆ ಬೆಂಕಿಯ ಅಪಾಯವಿದೆ. ಭಾರತದಲ್ಲಿ ಸೀಸಯುಕ್ತ ಪೆಟ್ರೋಲ್ ಮಾರಾಟವು 2000ದಲ್ಲಿಯೇ ನಿಂತಿರುವುದರಿಂದ, ಅದಕ್ಕೆಂದೇ ರೂಪಿಸಲಾದ ಎಂಜಿನ್‌ಗಳ ವಾಲ್ವ್ ಸೀಟುಗಳನ್ನೂ ಬಲ್ಲ ಮೆಕ್ಯಾನಿಕ್‌ನಿಂದ ಪರೀಕ್ಷಿಸಿಕೊಳ್ಳಬೇಕು. ಮೂಲ ಸ್ವರೂಪದ ವಾಹನಗಳನ್ನು ಕಣ್ಣಾರೆ ಕಂಡು ಹೋಲಿಸಿಕೊಳ್ಳಬಯಸುವವರಿಗೆ ಶ್ರೀರಂಗಪಟ್ಟಣ ಸಮೀಪದ ‘ಪಯಣ’ ಕಾರು ವಸ್ತುಸಂಗ್ರಹಾಲಯ ಉಪಯುಕ್ತವಾದೀತು.

ಹಳೆಯ ದಾಖಲೆಗಳನ್ನು ಸರಿಪಡಿಸಿಕೊಳ್ಳುವುದು

ವಾಹನ ಎಷ್ಟೇ ಸುಸ್ಥಿತಿಯಲ್ಲಿದ್ದರೂ ದಾಖಲೆ ಇಲ್ಲದಿದ್ದರೆ ಅರ್ಜಿ ಮುಂದುವರಿಯದು. 1989ಕ್ಕೆ ಮೊದಲಿನ ‘ಎಂವೈ’, ‘ಎಂಇ’, ‘ಸಿಎ’ ಮೊದಲಾದ ಅಕ್ಷರಗಳ ಸಂಖ್ಯೆ ಹೊಂದಿರುವ ವಾಹನಗಳ ವಿವರ ಕೈಬರಹದ ರಿಜಿಸ್ಟರುಗಳಲ್ಲಿದ್ದು, ಅವುಗಳಲ್ಲಿ ಹಲವು ‘ವಾಹನ್’ ಗಣಕ ವ್ಯವಸ್ಥೆಗೆ ಸೇರಿರುವುದಿಲ್ಲ. ಇಂತಹ ಮಾಲೀಕರು ಮೂಲ ನೋಂದಣಿ ಪುಸ್ತಕದೊಂದಿಗೆ ಸಂಬಂಧಪಟ್ಟ ಪ್ರಾದೇಶಿಕ ಸಾರಿಗೆ ಅಧಿಕಾರಿಯವರ ಕಚೇರಿಯನ್ನು ಸಂಪರ್ಕಿಸಿ, ಹಳೆಯ ದಾಖಲೆಯನ್ನು ಗಣಕೀಕರಿಸಲು ಮೊದಲು ಮನವಿ ಸಲ್ಲಿಸಬೇಕು. ನೋಂದಣಿ ಪುಸ್ತಕ ಕಳೆದುಹೋಗಿದ್ದಲ್ಲಿ ಪೊಲೀಸ್ ಠಾಣೆಗೆ ದೂರು ನೀಡಿ, ಸ್ವೀಕೃತಿಯೊಂದಿಗೆ ನಮೂನೆ 26ರಲ್ಲಿ ನಕಲು ಪ್ರತಿಗಾಗಿ ಅರ್ಜಿ ಸಲ್ಲಿಸತಕ್ಕದ್ದು.

ಇನ್ನೊಂದು ಸಾಮಾನ್ಯ ಸಂದರ್ಭವೆಂದರೆ, ವಾಹನವು ಇನ್ನೂ ತೀರಿಹೋದ ತಂದೆಯವರ ಅಥವಾ ತಾತನವರ ಹೆಸರಿನಲ್ಲಿಯೇ ಇರುವುದು. ಮಾಲೀಕರು ಮರಣ ಹೊಂದಿದ 30 ದಿನಗಳೊಳಗೆ ವಾರಸುದಾರರು ನೋಂದಣಿ ಪ್ರಾಧಿಕಾರಕ್ಕೆ ತಿಳಿಸಿ, ಮೂರು ತಿಂಗಳೊಳಗೆ ನಮೂನೆ 31ರಲ್ಲಿ ಹೆಸರು ವರ್ಗಾವಣೆಗೆ ಅರ್ಜಿ ಸಲ್ಲಿಸಬೇಕೆಂಬುದು ನಿಯಮ. ವಾಸ್ತವದಲ್ಲಿ ದಶಕಗಳೇ ಕಳೆದಿರುತ್ತವೆ. ಅಷ್ಟರಲ್ಲಿ ವಾರಸುದಾರರ ಸಂಖ್ಯೆಯೂ ಹೆಚ್ಚಿರುತ್ತದೆ. ಒಬ್ಬರ ಹೆಸರಿಗೆ ವರ್ಗಾಯಿಸಬೇಕಾದರೆ ಉಳಿದವರ ಒಪ್ಪಿಗೆ ಬೇಕಾಗುವುದರಿಂದ, ಎಲ್ಲರೂ ಲಭ್ಯರಿರುವಾಗಲೇ ಈ ಕಾರ್ಯ ಮುಗಿಸಿಕೊಳ್ಳುವುದು ವಿವೇಕದ ಮಾತು. ಚಾಸಿ ಸಂಖ್ಯೆಯ ಪೆನ್ಸಿಲ್ ಅಚ್ಚನ್ನೂ ಮುಂಚಿತವಾಗಿಯೇ ತೆಗೆದು ಪುಸ್ತಕದ ಸಂಖ್ಯೆಯೊಡನೆ ತಾಳೆ ನೋಡಿಕೊಳ್ಳಬೇಕು. ತುಕ್ಕು ಹಾಗೂ ಬಣ್ಣದ ಪದರಗಳ ಅಡಿಯಲ್ಲಿ ಅಂಕಿಗಳು ಮಾಸಿದ್ದರೆ ಉಜ್ಜುವ ಕಾಗದದಿಂದ ತಿಕ್ಕಬಾರದು. ಅಂಕಿ ಅಳಿದರೆ ವಾಹನದ ಗುರುತೇ ಸಂಶಯಕ್ಕೆ ಒಳಗಾಗುತ್ತದೆ.

ಅರ್ಜಿ, ಶುಲ್ಕ ಮತ್ತು ನೋಂದಣಿ ಸಂಖ್ಯೆ

ಐವತ್ತು ವರ್ಷ ತುಂಬಿದ ಮಾತ್ರಕ್ಕೆ ವಾಹನವು ತಾನಾಗಿಯೇ ವಿಂಟೇಜ್ ಎಂದು ದಾಖಲಾಗುವುದಿಲ್ಲ. ಪರಿವಾಹನ್ ಜಾಲತಾಣದ ಮೂಲಕ ನಮೂನೆ 20ರಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ವಿಮಾ ಪಾಲಿಸಿ, ನಿಗದಿತ ಶುಲ್ಕ, ಈಗಾಗಲೇ ಭಾರತದಲ್ಲಿ ನೋಂದಣಿಯಾಗಿದ್ದರೆ ಹಳೆಯ ನೋಂದಣಿ ಪ್ರಮಾಣಪತ್ರ, ಆಮದು ವಾಹನವಾದರೆ ಸುಂಕ ಇಲಾಖೆಯ ಆಮದು ದಾಖಲೆ, ಇವುಗಳನ್ನು ಲಗತ್ತಿಸಬೇಕು. ರಾಜ್ಯವು ನೇಮಿಸಿದ ನೋಡಲ್ ಅಧಿಕಾರಿಯವರ ಮೂಲಕ ಅರ್ಜಿಯು ಪರಿಶೀಲನಾ ಸಮಿತಿಯ ಮುಂದೆ ಬರುತ್ತದೆ. ಸಮಿತಿಯು ವಾಹನವನ್ನು ಪರೀಕ್ಷಿಸಿ ಅರ್ಹತೆಯನ್ನು ನಿರ್ಧರಿಸುತ್ತದೆ. ಅರ್ಹವೆನಿಸಿದರೆ 60 ದಿನಗಳೊಳಗೆ ನಮೂನೆ 23ಎ ಯಲ್ಲಿ ನೋಂದಣಿ ಪ್ರಮಾಣಪತ್ರ ನೀಡಲಾಗುತ್ತದೆ.

ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ನಂತರದ ಮರುನೋಂದಣಿಗೆ 5,000 ರೂಪಾಯಿ. ಪ್ರಮಾಣಪತ್ರದ ಸಿಂಧುತ್ವ 10 ವರ್ಷ. ಈಗಾಗಲೇ ನೋಂದಣಿ ಹೊಂದಿರುವ ವಾಹನಗಳು ತಮ್ಮ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ಕುಟುಂಬದವರಿಗೆ ಆ ಸಂಖ್ಯೆಯೇ ವಾಹನದ ಹೆಸರಿನಂತೆ ಇರುವುದರಿಂದ ಇದು ಬಹಳ ಮಂದಿ ಕೇಳುವ ಪ್ರಶ್ನೆ. ಹೊಸದಾಗಿ ನೋಂದಣಿಯಾಗುವ ವಾಹನಗಳಿಗೆ ಮಾತ್ರ ರಾಜ್ಯದ ಸಂಕೇತ, ವಿಂಟೇಜ್ ಎಂಬುದನ್ನು ಸೂಚಿಸುವ ‘ವಿಎ’, ಎರಡಕ್ಷರದ ಶ್ರೇಣಿ ಹಾಗೂ 0001ರಿಂದ 9999ರ ವರೆಗಿನ ಸಂಖ್ಯೆ, ಈ ಕ್ರಮದಲ್ಲಿ ಗುರುತು ನೀಡಲಾಗುತ್ತದೆ.

ನೋಂದಣಿ ನಿರಾಕರಿಸಲ್ಪಟ್ಟಲ್ಲಿ ಆದೇಶ ತಲುಪಿದ 30 ದಿನಗಳೊಳಗೆ ಮೋಟಾರು ವಾಹನ ಕಾಯ್ದೆ, 1988ರ 57ನೇ ಪ್ರಕರಣದ ಅನ್ವಯ ಮೇಲ್ಮನವಿ ಸಲ್ಲಿಸಬಹುದು. 15 ವರ್ಷ ಮೀರಿದ್ದು ಇನ್ನೂ 50 ಪೂರೈಸದ ವಾಹನಗಳು ಎಂದಿನಂತೆ ನಮೂನೆ 25ರಲ್ಲಿ ನೋಂದಣಿ ನವೀಕರಣ ಮಾಡಿಸಿಕೊಳ್ಳುತ್ತಿರಬೇಕು.

ರಸ್ತೆಯಲ್ಲಿ ಬಳಕೆಯ ಮಿತಿ

ವಿಂಟೇಜ್ ಎಂದು ನೋಂದಣಿಯಾದ ವಾಹನವನ್ನು ದಿನನಿತ್ಯದ ಓಡಾಟಕ್ಕಾಗಲೀ ವಾಣಿಜ್ಯ ಉದ್ದೇಶಕ್ಕಾಗಲೀ ಬಳಸುವಂತಿಲ್ಲ. ಪ್ರದರ್ಶನ, ತಾಂತ್ರಿಕ ಸಂಶೋಧನೆ, ವಿಂಟೇಜ್ ರ‍್ಯಾಲಿಯಲ್ಲಿ ಭಾಗವಹಿಸುವಿಕೆ, ಅಲ್ಲಿಗೆ ಹೋಗಿ ಬರುವುದು, ಇಂಧನ ತುಂಬಿಸುವುದು ಹಾಗೂ ನಿರ್ವಹಣೆ, ಇವುಗಳಿಗೆ ಮಾತ್ರ ರಸ್ತೆಗೆ ಇಳಿಸಬಹುದು. ಭಾನುವಾರ ಸಂಸಾರ ಸಮೇತ ದೇವಸ್ಥಾನಕ್ಕೆ ಹೋಗಿಬರಲು ಅದೇ ಕಾರನ್ನು ಬಳಸುತ್ತಿರುವವರು ಅರ್ಜಿ ಸಲ್ಲಿಸುವ ಮೊದಲು ಈ ಅಂಶವನ್ನು ಚೆನ್ನಾಗಿ ಆಲೋಚಿಸಬೇಕು. ಮದುವೆ ಮೆರವಣಿಗೆಗೆ ಅಥವಾ ಚಲನಚಿತ್ರ ಚಿತ್ರೀಕರಣಕ್ಕೆ ಬಾಡಿಗೆ ಪಡೆದು ಕಳುಹಿಸುವುದು ವಾಣಿಜ್ಯ ಬಳಕೆಯೇ ಆಗಿದೆ.

ಸಹಾಯಾರ್ಥ ರ‍್ಯಾಲಿಗಳ ಬಗ್ಗೆ

ಹಳೆಯ ವಾಹನಗಳ ರ‍್ಯಾಲಿ ದೇಶಕ್ಕೆ ಹೊಸದಲ್ಲ. ದೆಹಲಿಯಲ್ಲಿ ಸ್ಟೇಟ್ಸ್‌ಮನ್ ಪತ್ರಿಕೆಯ ರ‍್ಯಾಲಿ 1964ರಲ್ಲಿಯೇ ಆರಂಭವಾಯಿತು. ರ‍್ಯಾಲಿಯ ಮೂಲಕ ನಿಧಿ ಸಂಗ್ರಹಿಸುವ ಪದ್ಧತಿ ನಂತರ ಬೆಳೆದು ಬಂದಿದೆ. 2012ರಲ್ಲಿ ಸಿಡ್ನಿಯಲ್ಲಿ ಪ್ರಾರಂಭವಾದ ‘ಡಿಸ್ಟಿಂಗ್ವಿಶ್ಡ್ ಜಂಟಲ್‌ಮನ್ಸ್ ರೈಡ್’ ಎಂಬ ಯಾತ್ರೆಯಲ್ಲಿ ಹಳೆಯ ಮಾದರಿಯ ಮೋಟಾರ್ ಸೈಕಲ್ ಸವಾರರು ಪ್ರಾಸ್ಟೇಟ್ ಕ್ಯಾನ್ಸರ್ ಸಂಶೋಧನೆ ಹಾಗೂ ಪುರುಷರ ಮಾನಸಿಕ ಆರೋಗ್ಯಕ್ಕಾಗಿ ಹಣ ಕೂಡಿಸುತ್ತಾರೆ. ಬೆಂಗಳೂರಿನ ಸವಾರರೂ ಅದರಲ್ಲಿ ಪಾಲ್ಗೊಂಡಿದ್ದಾರೆ.

ಉದ್ದೇಶ ಒಳ್ಳೆಯದಾದ್ದರಿಂದ ನಿಯಮ ಸಡಿಲವಾಗುತ್ತದೆ ಎಂಬ ಭಾವನೆ ಕೆಲವರಲ್ಲಿದೆ. ಅದು ಸರಿಯಲ್ಲ. ಭಾಗವಹಿಸುವ ಮಾಲೀಕರಿಂದ ಸಂಘವು ಪ್ರವೇಶ ಶುಲ್ಕ ಪಡೆದು ಅದನ್ನು ಆಸ್ಪತ್ರೆಗೋ ಅನಾಥಾಶ್ರಮಕ್ಕೋ ನೀಡುವುದು ಒಂದು ವಿಧ. ಸಾರ್ವಜನಿಕರಿಂದ ತಲಾ ಇಷ್ಟು ಹಣ ಪಡೆದು ಕಾರಿನಲ್ಲಿ ಒಂದು ಸುತ್ತು ಕರೆದೊಯ್ಯುವುದು ಮತ್ತೊಂದು ವಿಧ. ಎರಡನೆಯದರಲ್ಲಿ ಪ್ರತಿಫಲ ಪಡೆದು ಪ್ರಯಾಣಿಕರನ್ನು ಸಾಗಿಸಿದಂತಾಗುತ್ತದೆ. ಸಂಗ್ರಹವಾದ ಹಣವೆಲ್ಲ ಧರ್ಮಕಾರ್ಯಕ್ಕೆ ಹೋಯಿತೆಂಬುದು ಅಲ್ಲಿ ಸಮರ್ಥನೆಯಾಗದು. ರ‍್ಯಾಲಿಯ ದಾರಿಯಲ್ಲಿ ಆಶ್ರಮದ ಮಕ್ಕಳನ್ನು ಶುಲ್ಕವಿಲ್ಲದೆ ಜೊತೆಗೆ ಕೂರಿಸಿಕೊಳ್ಳುವಾಗಲೂ ನೋಂದಣಿ ಪ್ರಮಾಣಪತ್ರದಲ್ಲಿ ನಮೂದಿಸಿದ ಆಸನ ಸಂಖ್ಯೆಯನ್ನು ಮೀರಬಾರದು. ಪುಟ್ಟ ಮಕ್ಕಳೆಂದು ಇಮ್ಮಡಿ ಕೂರಿಸುವುದು ಅಪಾಯಕಾರಿ. ತಯಾರಾದಾಗಲೇ ಸೀಟ್ ಬೆಲ್ಟ್ ಇಲ್ಲದ ಕಾರುಗಳಲ್ಲಿ ಮಕ್ಕಳನ್ನು ಹಿಂದಿನ ಆಸನದಲ್ಲಿಯೇ, ದೊಡ್ಡವರೊಬ್ಬರೊಂದಿಗೆ ಕೂರಿಸಬೇಕು.

ಇದಕ್ಕೂ ವಿಮೆಗೂ ನೇರ ಸಂಬಂಧವಿದೆ. ಖಾಸಗಿ ಕಾರಿನ ಸಾಮಾನ್ಯ ವಿಮಾ ಪಾಲಿಸಿಯು ಬಾಡಿಗೆ ಅಥವಾ ಪ್ರತಿಫಲಕ್ಕಾಗಿ ಮಾಡಿದ ಬಳಕೆಯನ್ನು ಹೊರಗಿಡುತ್ತದೆ. ಸಂಘಟಿತ ಓಟದ ಸ್ಪರ್ಧೆ, ವೇಗ ಪರೀಕ್ಷೆ ಹಾಗೂ ಸಾಮರ್ಥ್ಯ ಪರೀಕ್ಷೆಗಳನ್ನೂ ಹೊರಗಿಡುತ್ತದೆ. ರ‍್ಯಾಲಿಯಲ್ಲಿ ಸಮಯ ಲೆಕ್ಕ ಹಾಕಿ ಬಹುಮಾನ ನೀಡುವ ಯೋಜನೆಯಿದ್ದರೆ ವಿಮಾ ಕಂಪನಿಯಿಂದ ಲಿಖಿತ ಒಪ್ಪಿಗೆ ಪಡೆಯದೆ ಹೊರಡಬಾರದು. ಯಾರಿಗಾದರೂ ಪೆಟ್ಟಾದಲ್ಲಿ ಪರಿಹಾರದ ಹೊರೆ ಮಾಲೀಕರ ಮೇಲೆಯೇ ಬೀಳುವ ಸಂಭವವಿದೆ. ರಾಜ್ಯ ಸರ್ಕಾರದ ಲಿಖಿತ ಸಮ್ಮತಿಯಿಲ್ಲದೆ ವೇಗದ ಸ್ಪರ್ಧೆ ನಡೆಸುವುದು ಕಾಯ್ದೆಯ 189ನೇ ಪ್ರಕರಣದಂತೆ ಶಿಕ್ಷಾರ್ಹ ಅಪರಾಧವೂ ಆಗಿದೆ. ವಾಹನದ ಸಂರಕ್ಷಣೆ, ಉಡುಗೆ ತೊಡುಗೆ ಮೊದಲಾದವುಗಳಿಗೆ ಬಹುಮಾನ ನೀಡಲು ಅಡ್ಡಿಯಿಲ್ಲ. ವಿಮೆಯ ಭಾಷೆಯಲ್ಲಿ ‘ವಿಂಟೇಜ್’ ಎಂಬುದರ ಅರ್ಥ ಬೇರೆಯಿರಬಹುದು ಎಂಬುದೂ ತಿಳಿದಿರಲಿ: 2002ರ ಭಾರತೀಯ ಮೋಟಾರು ವಿಮಾ ದರಪಟ್ಟಿಯಲ್ಲಿ 1940ರ ಡಿಸೆಂಬರ್ 31ಕ್ಕೆ ಮುಂಚೆ ತಯಾರಾದ ಕಾರುಗಳಷ್ಟೇ ಆ ಹೆಸರಿಗೆ ಅರ್ಹವಾಗಿದ್ದವು. ವಾಹನದ ಮೌಲ್ಯವನ್ನು ಪಾಲಿಸಿಯಲ್ಲಿ ಮುಂಚಿತವಾಗಿ ಒಪ್ಪಿಕೊಂಡು ನಮೂದಿಸುವಂತೆ ಕೇಳಿಕೊಳ್ಳುವುದು ಮಾಲೀಕರಿಗೆ ಹಿತ. ಇಲ್ಲದಿದ್ದರೆ ಐವತ್ತು ವರ್ಷದ ಕಾರಿನ ಬೆಲೆ ಲೆಕ್ಕದಲ್ಲಿ ಶೂನ್ಯದ ಹತ್ತಿರಕ್ಕೆ ಇಳಿದಿರುತ್ತದೆ.

ಮಾರ್ಗದ ಬಗ್ಗೆ ಸಂಘಟಕರು ಸಂಚಾರ ಪೊಲೀಸರ ಅನುಮತಿಯನ್ನು ಮುಂಚಿತವಾಗಿ ಪಡೆಯಬೇಕು. ಹಳೆಯ ಕಾರುಗಳು ನಿಧಾನಗತಿಯಲ್ಲಿ ಹೆಚ್ಚು ಹೊತ್ತು ನಿಂತರೆ ಎಂಜಿನ್ ಕಾಯ್ದು ನೀರು ಕುದಿಯುವುದರಿಂದ, ಜನಸಂದಣಿಯ ವೇಳೆ ತಪ್ಪಿಸಿ ಬೆಳಗಿನ ಹೊತ್ತು ಆರಿಸಿಕೊಂಡರೆ ವಾಹನಕ್ಕೂ ಸಾರ್ವಜನಿಕರಿಗೂ ಅನುಕೂಲ. ಎಡಬದಿ ಸ್ಟಿಯರಿಂಗ್ ಇರುವ ವಾಹನಗಳನ್ನು ಸುಸ್ಥಿತಿಯಲ್ಲಿರುವ ಸಂಕೇತ ಸಾಧನವಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ಚಲಾಯಿಸುವುದನ್ನು ಕಾಯ್ದೆಯ 120ನೇ ಪ್ರಕರಣ ನಿಷೇಧಿಸುತ್ತದೆ. ರ‍್ಯಾಲಿಯ ಹಿಂದಿನ ವಾರವೇ ಕಾರ್ಬುರೇಟರ್ ಸರಿಪಡಿಸಿ ಹೊಗೆ ತಪಾಸಣೆ ಮಾಡಿಸಿಕೊಳ್ಳಬೇಕು.

ದೇಣಿಗೆ ನೀಡುವವರು ಹಣ ಯಾವ ಸಂಸ್ಥೆಗೆ ತಲುಪುತ್ತದೆಂದು ವಿಚಾರಿಸಿ ರಸೀದಿ ಪಡೆಯಬೇಕು. ಸಂಘದ ರಸೀದಿಗೂ ಆದಾಯ ತೆರಿಗೆ ಇಲಾಖೆಯ ಅನುಮೋದನೆ ಹೊಂದಿದ ಧರ್ಮಾರ್ಥ ಸಂಸ್ಥೆಯ ರಸೀದಿಗೂ ವ್ಯತ್ಯಾಸವಿದೆ. ತೆರಿಗೆ ರಿಯಾಯಿತಿ ಕೋರಲು ಎರಡನೆಯದು ಬೇಕು. ನಗದಾಗಿ ನೀಡಿದ ದೇಣಿಗೆಯ ಮೊತ್ತ 2,000 ರೂಪಾಯಿ ಮೀರಿದ್ದರೆ ರಿಯಾಯಿತಿ ದೊರೆಯುವುದಿಲ್ಲ.

ವಿಂಟೇಜ್ ನೋಂದಣಿ ಹೊಂದಿದ ವಾಹನವನ್ನು ಮಾರಲು ನಿರ್ಬಂಧವಿಲ್ಲ. ಮಾರುವವರು ಮತ್ತು ಕೊಳ್ಳುವವರು ಇಬ್ಬರೂ ತಮ್ಮ ತಮ್ಮ ರಾಜ್ಯದ ಸಾರಿಗೆ ಪ್ರಾಧಿಕಾರಕ್ಕೆ ಮಾಹಿತಿ ನೀಡತಕ್ಕದ್ದು. ಬಳಕೆಯ ಮಿತಿಗಳು ಹೊಸ ಮಾಲೀಕರಿಗೂ ಅನ್ವಯಿಸುವುದರಿಂದ, ಕೊಳ್ಳುವವರು ಮುಂಗಡ ಕೊಡುವ ಮುನ್ನ ನಮೂನೆ 23ಎ ಯನ್ನು ಕೇಳಿ ನೋಡತಕ್ಕದ್ದು.