ಕಾರ್ಖಾನೆ ನಡೆಸದ ನಿರ್ದೇಶಕರು

ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಗೆ ಸಿಮೆಂಟ್ ಬಂದದ್ದು ನೆಲದಡಿಯ ಸುಣ್ಣದಕಲ್ಲಿನಿಂದ. ಕಾರ್ಖಾನೆ ಇಲ್ಲಿದ್ದರೂ ತೀರ್ಮಾನಗಳು ಆಗುವುದು ದೂರದ ನಗರಗಳಲ್ಲಿ. 1936ರಲ್ಲಿ ಹತ್ತು ಕಂಪನಿಗಳು ಕೂಡಿ ಎಸಿಸಿ ಹುಟ್ಟಿದಾಗ ನಿಜಾಮರ ಸೀಮೆಯ ಶಹಾಬಾದ್ ಸಿಮೆಂಟ್ ಕಂಪನಿಯೂ ಅದರಲ್ಲಿ ಸೇರಿತು. ವಾಡಿಯ ಕಾರ್ಖಾನೆ ಆಮೇಲಿನದು.

ಕಂಪನಿಯ ಆಡಳಿತ ಮಂಡಳಿಯಲ್ಲಿ ಕೂರುವವರು ಎರಡು ಬಗೆ. ಸಂಬಳ ಪಡೆದು ದಿನವೂ ಕಂಪನಿ ನಡೆಸುವವರು ಕೆಲವರು. ಉಳಿದವರು ಏನನ್ನೂ ನಡೆಸುವುದಿಲ್ಲ. ವರ್ಷಕ್ಕೆ ಕಡಿಮೆಯೆಂದರೂ ನಾಲ್ಕು ಬಾರಿ ಸೇರುವ ಸಭೆಗೆ ಬಂದು, ಲೆಕ್ಕಪತ್ರ ನೋಡಿ, ಕೇಳಬೇಕಾದ್ದನ್ನು ಕೇಳುವುದು ಅವರ ಕೆಲಸ. ಇವರೇ ಕಾರ್ಯನಿರ್ವಾಹಕೇತರ ನಿರ್ದೇಶಕರು (ನಾಲಿಗೆ ತೊಡರುವ ಹೆಸರು, ಏನು ಮಾಡೋಣ!).

ಇವರೆಲ್ಲ ಹೊರಗಿನವರೇ ಆಗಿರಬೇಕೆಂದಿಲ್ಲ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ರಾಜಶ್ರೀ ಸಿಮೆಂಟ್ ಈಗ ಅಲ್ಟ್ರಾಟೆಕ್ ಕಂಪನಿಯದು. ಅದರ ಅಧ್ಯಕ್ಷ ಕುಮಾರ ಮಂಗಲಂ ಬಿರ್ಲಾ ಕಾರ್ಯನಿರ್ವಾಹಕೇತರರೇ. ಆದರೆ ಒಡೆಯರ ಮನೆತನದವರು. ಸ್ವಾರಸ್ಯವೆಂದರೆ, 1999ರಲ್ಲಿ ಸೆಬಿ ನೇಮಿಸಿದ ಸಮಿತಿಯ ಮುಖ್ಯಸ್ಥರಾಗಿ, ಕಂಪನಿಗೂ ಒಡೆಯರಿಗೂ ನಂಟಿಲ್ಲದ 'ಸ್ವತಂತ್ರ' ನಿರ್ದೇಶಕರು ಮಂಡಳಿಯಲ್ಲಿ ಇರಲೇಬೇಕೆಂದು ಶಿಫಾರಸು ಮಾಡಿದವರೂ ಅವರೇ. 2013ರ ಕಂಪನಿ ಕಾಯ್ದೆಯಂತೆ ಷೇರುಪೇಟೆಯಲ್ಲಿರುವ ಕಂಪನಿಗಳಲ್ಲಿ ಇಂಥವರು ಮೂರರಲ್ಲಿ ಒಂದು ಪಾಲಾದರೂ ಇರಬೇಕು.

ಇದ್ದವರು ಬಾಯಿ ಬಿಡುತ್ತಾರೆಯೇ? ಸೇಡಂನಲ್ಲಿ ರೈಲು ಹತ್ತಿದರೆ ಸಿಗುವ ಹೈದರಾಬಾದಿನ ಸತ್ಯಂ ಕಂಪನಿಯನ್ನೇ ನೋಡಿ. 2008ರ ಡಿಸೆಂಬರಿನಲ್ಲಿ, ಅಧ್ಯಕ್ಷರ ಕುಟುಂಬದ ಎರಡು ಕಂಪನಿಗಳನ್ನು ಕೊಳ್ಳಲು ಮಂಡಳಿ ಒಪ್ಪಿಗೆ ಕೊಟ್ಟಿತು. ಹೆಸರಾಂತ ಪ್ರಾಧ್ಯಾಪಕರು ಅದರಲ್ಲಿ ಸ್ವತಂತ್ರ ನಿರ್ದೇಶಕರಾಗಿದ್ದರು. ವ್ಯವಹಾರ ನಿಂತದ್ದು ಅವರಿಂದಲ್ಲ, ಹೂಡಿಕೆದಾರರ ಗದ್ದಲದಿಂದ. 2009ರ ಜನವರಿ 7ರಂದು, ಲೆಕ್ಕವೇ ಸುಳ್ಳೆಂದು ಅಧ್ಯಕ್ಷರು ಒಪ್ಪಿಕೊಂಡರು.

ಷೇರು ಕೊಳ್ಳದವನಿಗೆ ಇದರಿಂದ ಏನು? ನಿರ್ದೇಶಕರು ಷೇರುದಾರರ ಜೊತೆಗೆ ನೌಕರರು, ಸುತ್ತಲ ಸಮುದಾಯ, ಪರಿಸರದ ಹಿತವನ್ನೂ ನೋಡಬೇಕೆಂದು 2013ರ ಕಾಯ್ದೆಯ 166ನೇ ಕಲಮು ಹೇಳುತ್ತದೆ. 135ನೇ ಕಲಮಿನಂತೆ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಕಾರ್ಖಾನೆಯ ಸುತ್ತಲ ಪ್ರದೇಶಕ್ಕೇ ಆದ್ಯತೆ. ಆ ಹಣ ಎಲ್ಲಿಗೆಂದು ಸಲಹೆ ಮಾಡುವ ಸಮಿತಿಯಲ್ಲಿ, ಸಾಮಾನ್ಯವಾಗಿ ಒಬ್ಬ ಸ್ವತಂತ್ರ ನಿರ್ದೇಶಕರಾದರೂ ಇರಬೇಕು. ಸಮಿತಿಯಲ್ಲಿ ಯಾರಿದ್ದಾರೆಂಬುದು ವಾರ್ಷಿಕ ವರದಿಯಲ್ಲಿ ಅಚ್ಚಾಗಿರುತ್ತದೆ. ತೊಗರಿ ಹೊಲದ ಮೇಲೆ ದೂಳು ಕೂತಾಗ ನಮ್ಮವರು ಕಾರ್ಖಾನೆಯ ಮ್ಯಾನೇಜರಿಗೆ ಅರ್ಜಿ ಬರೆಯುತ್ತಾರೆ. ಅದರ ಒಂದು ಪ್ರತಿಯನ್ನು ಆ ನಿರ್ದೇಶಕರ ಹೆಸರಿಗೂ ಕಳಿಸಬಹುದು.