ಲಾಠಿ ಹಿಡಿದ ಪೊಲೀಸ್ ದುರ್ಬಲನೇ?

ಮುದಗಲ್ ಮೊಹರಂ ಬಂದೋಬಸ್ತಿನಲ್ಲಿ ಜನರ ನಡುವೆ ನಿಂತ ಕಾನ್‌ಸ್ಟೆಬಲ್ ಕೈಯಲ್ಲಿ ಲಾಠಿ, ಬಾಯಲ್ಲಿ ಸೀಟಿ. ಬಂದೂಕು ಕೊಡಲು ಸರ್ಕಾರದ ಬಳಿ ದುಡ್ಡಿಲ್ಲ ಎನ್ನುವವರಿದ್ದಾರೆ. ಇಂಗ್ಲೆಂಡಿನಲ್ಲಿ ಕಳ್ಳಕಾಕರ ಕಾಟವಿಲ್ಲ, ಹಾಗಾಗಿ ಅಲ್ಲಿನ ಪೊಲೀಸರಿಗೆ ಬಂದೂಕು ಬೇಕಿಲ್ಲ ಎನ್ನುವವರೂ ಇದ್ದಾರೆ. ಎರಡೂ ತಪ್ಪು. ಜನರ ಬಳಿ ಎಷ್ಟು ಬಂದೂಕುಗಳಿವೆ ಎಂಬುದೂ ಲೆಕ್ಕಕ್ಕೆ ಬರುತ್ತದೆ, ನಿಜ. ಆದರೆ ಅದಕ್ಕಿಂತ ಮೊದಲು ನೋಡಬೇಕಾದದ್ದು ಆ ಪೊಲೀಸ್ ಪಡೆಯನ್ನು ಯಾರು, ಯಾತಕ್ಕಾಗಿ ಕಟ್ಟಿದರು ಎಂಬುದನ್ನು.

1829ರಲ್ಲಿ ರಾಬರ್ಟ್ ಪೀಲ್ ಲಂಡನ್ನಿನಲ್ಲಿ ಪೊಲೀಸ್ ಪಡೆ ಕಟ್ಟಿದಾಗ, ಇದು ಇನ್ನೊಂದು ಸೈನ್ಯವೆಂದು ಜನ ಶಂಕಿಸಿದರು. ಆ ಶಂಕೆ ಕಳೆಯಲೆಂದೇ ಪೊಲೀಸರಿಗೆ ನೀಲಿ ಕೋಟು ತೊಡಿಸಿ ಮರದ ಕೋಲು ಕೊಟ್ಟರು. ಅದೇ ಬ್ರಿಟಿಷ್ ಸರ್ಕಾರ ಐರ್ಲೆಂಡನ್ನು ಅಡಗಿಸಿಡಲು ಬ್ಯಾರಕ್ಕಿನಲ್ಲಿ ವಾಸಿಸುವ ಬಂದೂಕುಧಾರಿ ಪಡೆ ಬೆಳೆಸಿತು. ನಮ್ಮ ದೇಶಕ್ಕೆ ಬಂದದ್ದು ಈ ಐರಿಷ್ ಮಾದರಿ: 1843ರಲ್ಲಿ ಸಿಂಧ್ ಗೆದ್ದ ಚಾರ್ಲ್ಸ್ ನೇಪಿಯರ್ ಅದನ್ನು ಅಲ್ಲಿಗೆ ತಂದ, 1857ರ ದಂಗೆಯ ಬೆನ್ನಿಗೇ 1861ರ ಪೊಲೀಸ್ ಕಾಯ್ದೆ ಬಂತು. ನಮ್ಮ ಎಡೆದೊರೆ ನಾಡೂ (ರಾಯಚೂರು ಸೀಮೆ) 1853ರಿಂದ 1860ರವರೆಗೆ ಬ್ರಿಟಿಷರ ವಶದಲ್ಲಿತ್ತು, ಲಿಂಗಸುಗೂರಿನಲ್ಲಿ ದಂಡು ಬೀಡುಬಿಟ್ಟಿತ್ತು. ಆಳುವವರಿಗೆ ಜನರ ಮೇಲೆ ನಂಬಿಕೆ ಇಲ್ಲದ ಕಾಲವದು. ಇಂದಿಗೂ ನಮ್ಮಲ್ಲಿ ಎರಡು ಕವಲು ಉಳಿದಿವೆ: ಲಾಠಿಯ ಸಿವಿಲ್ ಪೊಲೀಸ್ ಒಂದು, ಬಂದೂಕಿನ ಜಿಲ್ಲಾ ಸಶಸ್ತ್ರ ಮೀಸಲು ಪಡೆ ಮತ್ತು ಕೆಎಸ್‌ಆರ್‌ಪಿ ಇನ್ನೊಂದು. ಹಾಗಾಗಿ ಕಾನ್‌ಸ್ಟೆಬಲ್ ಕೈಯ ಲಾಠಿ ಬಡತನದ ಗುರುತಲ್ಲ, ಈ ಹಂಚಿಕೆಯ ಗುರುತು.

ಬಂದೂಕಿಲ್ಲದ ಪೊಲೀಸ್ ಶಾಂತ ದೇಶಕ್ಕೆ ಮಾತ್ರ ಸರಿ ಎನ್ನುವವರಿಗೆ ಐರ್ಲೆಂಡೇ ಉತ್ತರ. 1922ರಲ್ಲಿ ಅಂತರ್ಯುದ್ಧ ಹೊತ್ತಿ ಉರಿಯುತ್ತಿದ್ದಾಗಲೇ ಹೊಸ ಸರ್ಕಾರ ತನ್ನ ಪೊಲೀಸರನ್ನು ನಿರಾಯುಧರನ್ನಾಗಿ ಬೀದಿಗೆ ಕಳಿಸಿತು. ಬ್ರಿಟಿಷರ ಹಳೆಯ ಪಡೆಯ ಮೇಲೆ ಜನರಿಗಿದ್ದ ಸಿಟ್ಟು ಹೊಸದಕ್ಕೆ ಅಂಟಬಾರದು ಎಂಬುದು ಅದರ ಲೆಕ್ಕಾಚಾರ.

ಹಾಗಾದರೆ ಪಿಸ್ತೂಲು ಹಿಡಿದ ದರೋಡೆಕೋರ ಎದುರಾದರೆ? ಪ್ರಶ್ನೆ ನ್ಯಾಯವಾದದ್ದೇ. 2012ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಬಳಿ ಇಬ್ಬರು ಮಹಿಳಾ ಕಾನ್‌ಸ್ಟೆಬಲ್‌ಗಳು ಗುಂಡಿಗೆ ಬಲಿಯಾದರು. ಆದರೂ ಬ್ರಿಟನ್ ಎಲ್ಲ ಪೊಲೀಸರಿಗೂ ಬಂದೂಕು ಕೊಡಲಿಲ್ಲ. ತರಬೇತಾದ ಸಶಸ್ತ್ರ ತಂಡಗಳು ಅಲ್ಲಿಯೂ ಇವೆ. ಪ್ರತಿ ಸೊಂಟಕ್ಕೂ ಪಿಸ್ತೂಲು ಕಟ್ಟಿದರೆ ಸಣ್ಣ ನೂಕುನುಗ್ಗಲೂ ಗುಂಡಿನವರೆಗೆ ಹೋಗಬಹುದು, ಗುಂಪಿನಲ್ಲಿ ಆಯುಧ ಕಸಿಯುವವರೂ ಹುಟ್ಟುತ್ತಾರೆ. ನಮ್ಮ ಕಾನೂನೂ ಬಂಧನದ ವೇಳೆ ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಗೆ ಗುರಿಯಾಗುವ ಆರೋಪ ಇಲ್ಲದವರ ಪ್ರಾಣ ತೆಗೆಯುವ ಹಕ್ಕನ್ನು ಪೊಲೀಸರಿಗೆ ಕೊಟ್ಟಿಲ್ಲ. ಲಿಂಗಸುಗೂರು, ಸಿಂಧನೂರು, ಮಸ್ಕಿಯ ಜನ ತಮ್ಮ ಸುರಕ್ಷತೆಗಾಗಿ ಕೇಳಬೇಕಾದದ್ದು ರಾತ್ರಿ ಬೀಟಿಗೆ ಸಾಕಷ್ಟು ಸಿಬ್ಬಂದಿಯನ್ನು, 112ಕ್ಕೆ ಕರೆ ಮಾಡಿದ ಕೂಡಲೇ ಹಳ್ಳಿ ಮುಟ್ಟುವ ವಾಹನವನ್ನು.