165 ಮತಗಳ ಅಂತರ

ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ 2013ರ ನವೆಂಬರ್ 5ರಂದು ಅಟಾರ್ನಿ ಜನರಲ್ ಹುದ್ದೆಗೆ ಚುನಾವಣೆ ನಡೆಯಿತು. ಕರ್ನಾಟಕದಲ್ಲಿ ಸರ್ಕಾರದ ಮುಖ್ಯ ವಕೀಲರಾದ ಅಡ್ವೊಕೇಟ್ ಜನರಲ್ ಅವರನ್ನು ಸಂವಿಧಾನದ 165ನೇ ವಿಧಿಯಂತೆ ರಾಜ್ಯಪಾಲರು ನೇಮಿಸುತ್ತಾರೆ. ಅಮೆರಿಕದಲ್ಲಾದರೆ 43 ರಾಜ್ಯಗಳು ಇಂಥ ಹುದ್ದೆಯನ್ನು ಜನರ ಮತಕ್ಕೇ ಬಿಟ್ಟಿವೆ. ವರ್ಜೀನಿಯಾದ ಕಣದಲ್ಲಿದ್ದವರು ಡೆಮಾಕ್ರಟಿಕ್ ಪಕ್ಷದ ಮಾರ್ಕ್ ಹೆರಿಂಗ್ ಮತ್ತು ರಿಪಬ್ಲಿಕನ್ ಪಕ್ಷದ ಮಾರ್ಕ್ ಓಬೆನ್‌ಶೇನ್. ನವೆಂಬರ್ 25ರಂದು ರಾಜ್ಯ ಚುನಾವಣಾ ಮಂಡಳಿ ದೃಢಪಡಿಸಿದ ಲೆಕ್ಕದಲ್ಲಿ ಹೆರಿಂಗ್‌ಗೆ 11,03,777, ಓಬೆನ್‌ಶೇನ್‌ಗೆ 11,03,612 ಮತಗಳಿದ್ದವು. ಅಂತರ 165. ನಮ್ಮ ವಿಧಿಯ ಸಂಖ್ಯೆಯೂ ಅದೇ ಆಗಿರುವುದು ಬರೀ ಕಾಕತಾಳೀಯ.

ಇಪ್ಪತ್ತೆರಡು ಲಕ್ಷ ಮತಗಳಲ್ಲಿ 165 ಎಂದರೆ ಯಾವ ಗುಮಾಸ್ತನ ಕೈತಪ್ಪಿಗೂ ಸಿಗುವಷ್ಟು ಸಣ್ಣದು. ಹಾಗೆ ತಪ್ಪಿದ್ದೂ ಉಂಟು. ಮತದಾನದ ರಾತ್ರಿ ಮುಂದಿದ್ದವರು ಓಬೆನ್‌ಶೇನ್. ಫೇರ್‌ಫ್ಯಾಕ್ಸ್ ಕೌಂಟಿಯ ಒಂದು ಭಾಗದಲ್ಲಿ ಗೈರುಹಾಜರಿ ಮತಪತ್ರ ತರಿಸಿಕೊಂಡವರ ಸಂಖ್ಯೆಗೂ ಎಣಿಕೆಗೆ ಬಂದ ಮತಗಳ ಸಂಖ್ಯೆಗೂ ತಾಳೆಯಾಗುತ್ತಿಲ್ಲ ಎಂಬುದನ್ನು ಅಂಕಿಅಂಶ ನೋಡುತ್ತಿದ್ದ ಕೆಲವರು ಹೊರಗಿನಿಂದಲೇ ಗುರುತಿಸಿದರು. ಹುಡುಕಿದಾಗ, ಯಂತ್ರವೊಂದು ಕೆಟ್ಟ ಗೊಂದಲದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಮತಗಳು ಲೆಕ್ಕಕ್ಕೆ ಸೇರದೆ ಉಳಿದಿದ್ದವು. ಮರು ಎಣಿಕೆ ಇನ್ನೂ ಆರಂಭವಾಗಿರಲಿಲ್ಲ. ಇದು ಅದಕ್ಕೂ ಮುಂಚಿನ ತಾಳೆ ನೋಡುವ ಕೆಲಸ.

ವರ್ಜೀನಿಯಾದಲ್ಲಿ ಮರು ಎಣಿಕೆ ತಾನಾಗಿ ನಡೆಯುವುದಿಲ್ಲ. ಅಂತರ ಶೇ 1ಕ್ಕಿಂತ ಹೆಚ್ಚಿರದಿದ್ದರೆ ಸೋತವರು ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕು. ಮೂವರು ನ್ಯಾಯಾಧೀಶರ ಪೀಠ ಅದರ ಉಸ್ತುವಾರಿ ಹೊರುತ್ತದೆ. ಆದರೆ ನಿಜವಾದ ಕಸುಬು ಇರುವುದು ಮೇಜಿನ ಮುಂದೆ ಕೂರುವವರ ಕೈಯಲ್ಲಿ. ಪ್ರತಿ ಮೇಜಿಗೆ ಜೋಡಿ ಎಣಿಕೆದಾರರು, ಒಬ್ಬರು ಈ ಪಕ್ಷದ ಕಡೆಯವರು, ಇನ್ನೊಬ್ಬರು ಆ ಪಕ್ಷದ ಕಡೆಯವರು. ಸುತ್ತ ನಿಂತ ವೀಕ್ಷಕರು ನೋಡಬಹುದು, ಮತಪತ್ರ ಮುಟ್ಟುವಂತಿಲ್ಲ. ನಿಷ್ಪಕ್ಷಪಾತಿಗಳನ್ನು ಹುಡುಕಿ ತರುವ ಗೋಜಿಗೇ ಈ ವ್ಯವಸ್ಥೆ ಹೋಗಿಲ್ಲ ಎಂಬುದೇ ನನಗೆ ಬಹಳ ಹಿಡಿಸಿದ್ದು. ಎದುರಾಳಿಗಳನ್ನೇ ಅಕ್ಕಪಕ್ಕ ಕೂರಿಸಿ, ಒಂದೇ ಹಾಳೆಯನ್ನು ಇಬ್ಬರೂ ಓದಿ ಒಪ್ಪಿದರೆ ಮಾತ್ರ ಅದು ಮತ ಎನ್ನುತ್ತದೆ.

ಮತಪತ್ರ ಸಿಇಟಿ ಬರೆದವರಿಗೆ ಗೊತ್ತಿರುವ ಒಎಂಆರ್ ಹಾಳೆಯ ಹಾಗೆ: ಹೆಸರಿನ ಪಕ್ಕದ ಖಾಲಿ ಗುರುತನ್ನು ಪೆನ್ನಿನಿಂದ ತುಂಬಬೇಕು. ಮೊದಲು ಎಲ್ಲ ಹಾಳೆಗಳನ್ನೂ ಸ್ಕ್ಯಾನರಿಗೆ ಮತ್ತೆ ಹಾಕುತ್ತಾರೆ. ಆ ಹುದ್ದೆಗೆ ಮತವೇ ಕಾಣದ ಹಾಳೆ, ಎರಡು ಗುರುತು ಕಂಡ ಹಾಳೆ, ಹೆಸರು ಕೈಯಲ್ಲಿ ಬರೆದ ಹಾಳೆ, ಇವನ್ನು ಯಂತ್ರ ಬೇರೆಯಾಗಿ ತೆಗೆದಿಡುತ್ತದೆ. ಕಣ್ಣಿನ ಕೆಲಸ ಅಲ್ಲಿಂದ ಶುರು.

ಯಂತ್ರಕ್ಕೆ ಖಾಲಿಯಾಗಿ ಕಂಡ ಹಾಳೆ ಮನುಷ್ಯರಿಗೆ ಹಾಗೆ ಕಾಣುವುದಿಲ್ಲ. ಒಬ್ಬರು ಹೆಸರಿನ ಸುತ್ತ ಗೆರೆ ಎಳೆದಿರುತ್ತಾರೆ, ಇನ್ನೊಬ್ಬರು ಗುರುತು ತುಂಬುವ ಬದಲು ಪಕ್ಕದಲ್ಲಿ ರೈಟ್ ಹಾಕಿರುತ್ತಾರೆ. ಮತ್ತೊಬ್ಬರು ತಪ್ಪಿ ಒಂದನ್ನು ತುಂಬಿ, ಅದನ್ನು ಗೀಚಿಹಾಕಿ, ಇನ್ನೊಂದನ್ನು ತುಂಬಿರುತ್ತಾರೆ. ಎಣಿಕೆದಾರರಿಗೆ ಇಂಥ ಮಾದರಿಗಳ ಚಿತ್ರಗಳಿರುವ ಸರ್ಕಾರಿ ಕೈಪಿಡಿ ಕೊಡುತ್ತಾರೆ. ಅನುಮಾನವಿದ್ದರೆ ಆ ಮತದಾರ ಹಾಳೆಯ ಉಳಿದ ಹುದ್ದೆಗಳಿಗೆ ಹೇಗೆ ಗುರುತು ಹಾಕಿದ್ದಾನೆ ಎಂದು ನೋಡುತ್ತಾರೆ. ಎಲ್ಲ ಕಡೆ ರೈಟೇ ಹಾಕಿದವನು ಇಲ್ಲಿ ಹಾಕಿದ ರೈಟೂ ಮತವೇ. ಜೋಡಿ ಒಪ್ಪದಿದ್ದರೆ ವಾದಕ್ಕಿಳಿಯುವುದಿಲ್ಲ. ಹಾಳೆ ಮೂವರು ನ್ಯಾಯಾಧೀಶರ ಪೀಠಕ್ಕೆ ಹೋಗುತ್ತದೆ.

ನಮ್ಮಲ್ಲೂ ಈ ಓದಿಗೆ ತನ್ನದೇ ಜಾಣ್ಮೆಯಿದೆ. ಗ್ರಾಮ ಪಂಚಾಯಿತಿ ಚುನಾವಣೆಯ ಮತಪತ್ರದಲ್ಲಿ ಒತ್ತುವ ಬಾಣದ ಅಡ್ಡಗುರುತು, ಹಾಳೆ ಮಡಿಸಿದಾಗ ಆಚೆ ಬದಿಗೆ ಅಂಟಿದರೆ ತಿರುಗುಮುರುಗಾಗಿ ಮೂಡುತ್ತದೆ. ಯಾವುದು ಒತ್ತಿದ್ದು, ಯಾವುದು ಅಂಟಿದ್ದು ಎಂದು ಎಣಿಸುವವರಿಗೆ ತಿಳಿಯುತ್ತದೆ. 2023ರ ವಿಧಾನಸಭಾ ಚುನಾವಣೆಯಲ್ಲಿ ಬೆಂಗಳೂರಿನ ಜಯನಗರದ ಫಲಿತಾಂಶ 16 ಮತಗಳ ಅಂತರದಲ್ಲಿ ಇತ್ಯರ್ಥವಾದಾಗಲೂ ಜಗಳ ಇದ್ದದ್ದು ಯಂತ್ರದ ಬಗ್ಗೆ ಅಲ್ಲ, ತಿರಸ್ಕೃತ ಅಂಚೆ ಮತಗಳ ಬಗ್ಗೆ.

ಕೈಯ ಕೆಲಸ ಎಷ್ಟು ವ್ಯತ್ಯಾಸ ಮಾಡುತ್ತದೆ ಎಂಬುದಕ್ಕೆ ವರ್ಜೀನಿಯಾದಲ್ಲೇ ಹೋಲಿಸಿ ನೋಡಲು ಸಿಗುತ್ತದೆ. 2005ರಲ್ಲಿ ಇದೇ ಹುದ್ದೆಗೆ ಬಾಬ್ ಮೆಕ್‌ಡಾನೆಲ್, ಕ್ರೀ ಡೀಡ್ಸ್ ಅವರನ್ನು 323 ಮತಗಳಿಂದ ಸೋಲಿಸಿದ್ದರು. ಆಗಿನ ಮರು ಎಣಿಕೆಯಲ್ಲಿ ಬಹುತೇಕ ಕಡೆ ಹಾಳೆಗಳನ್ನು ಹೊರತೆಗೆಯಲೇ ಇಲ್ಲ. ಯಂತ್ರ ಮುದ್ರಿಸಿದ್ದ ಲೆಕ್ಕದ ಚೀಟಿಗಳನ್ನೇ ಮತ್ತೆ ಕೂಡಿದರು. ಅಂತರ 360ಕ್ಕೆ ಸರಿಯಿತು, ಅಷ್ಟೇ. 2013ರ ಹೊತ್ತಿಗೆ ನಿಯಮ ಬದಲಾಗಿತ್ತು. ಹಾಳೆ ಇದ್ದಲ್ಲೆಲ್ಲ ಹಾಳೆ ನೋಡಿದರು. ಕೊನೆಗೆ ಹೆರಿಂಗ್ 11,05,045, ಓಬೆನ್‌ಶೇನ್ 11,04,138; ಇಬ್ಬರದೂ ಸೇರಿ ಸುಮಾರು 1,800 ಹೊಸ ಮತ, ಅಂತರ 907. ಡಿಸೆಂಬರ್ 18ರಂದು ಓಬೆನ್‌ಶೇನ್ ಸೋಲೊಪ್ಪಿಕೊಂಡರು. ಪರದೆ ಮುಟ್ಟಿ ಮತ ಹಾಕುವ, ಕಾಗದವೇ ಇಲ್ಲದ ಯಂತ್ರಗಳಿದ್ದ ಊರುಗಳಲ್ಲಿ ಮಾತ್ರ ಚೀಟಿ ಓದುವುದು ಬಿಟ್ಟು ಬೇರೆ ದಾರಿ ಇರಲಿಲ್ಲ. ಅಂಥ ಯಂತ್ರಗಳನ್ನು ರಾಜ್ಯ 2017ರಲ್ಲಿ ಪೂರ್ತಿ ಕೈಬಿಟ್ಟಿತು.

ಅದೇ ವರ್ಷದ ಕೊನೆಗೆ ಈ ಕಸುಬಿನ ಮಿತಿಯೂ ಕಾಣಿಸಿತು. ವರ್ಜೀನಿಯಾದ ನ್ಯೂಪೋರ್ಟ್ ನ್ಯೂಸ್‌ನ ಶಾಸಕ ಸ್ಥಾನಕ್ಕೆ ನಡೆದ ಮರು ಎಣಿಕೆಯಲ್ಲಿ ಡೆಮಾಕ್ರಟಿಕ್ ಪಕ್ಷದ ಶೆಲ್ಲಿ ಸೈಮಂಡ್ಸ್, ರಿಪಬ್ಲಿಕನ್ ಪಕ್ಷದ ಡೇವಿಡ್ ಯಾನ್ಸಿ ಎದುರು ಒಂದೇ ಮತದಿಂದ ಗೆದ್ದರು. ಒಂದು ಹಾಳೆಯಲ್ಲಿ ಎರಡೂ ಗುರುತು ತುಂಬಿತ್ತು, ಸೈಮಂಡ್ಸ್ ಗುರುತಿನ ಮೇಲೆ ಒಂದು ಗೀಟು. ಜೋಡಿ ಅದನ್ನು ಬದಿಗಿಡಲು ಒಪ್ಪಿತ್ತು. ಆಮೇಲೆ ರಿಪಬ್ಲಿಕನ್ ಕಡೆಯ ಎಣಿಕೆದಾರ ಮನಸ್ಸು ಬದಲಿಸಿ ಪೀಠಕ್ಕೆ ಪತ್ರ ಬರೆದ. ಉಳಿದ ರಾಜ್ಯಮಟ್ಟದ ಹುದ್ದೆಗಳಿಗೆ ಈ ಮತದಾರ ರಿಪಬ್ಲಿಕನ್ನರನ್ನೇ ಆರಿಸಿದ್ದನ್ನು ಕಂಡ ನ್ಯಾಯಾಧೀಶರು ಮತವನ್ನು ಯಾನ್ಸಿಗೆ ಕೊಟ್ಟರು. ಹಾಳೆಯನ್ನು ಓದಿದ ರೀತಿಯಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಆದರೆ ಜೋಡಿಯ ಒಪ್ಪಿಗೆಯನ್ನು ಮರುದಿನ ಬಿಚ್ಚಿದ್ದು ಸರಿಯೆನಿಸುವುದಿಲ್ಲ. ಇಬ್ಬರಿಗೂ 11,608 ಮತಗಳಾದವು. 2018ರ ಜನವರಿ 4ರಂದು ಪಿಂಗಾಣಿ ಬಟ್ಟಲಿನಿಂದ ಚೀಟಿ ಎತ್ತಿದರು. ಯಾನ್ಸಿ ಗೆದ್ದರು, ರಿಪಬ್ಲಿಕನ್ನರು 51–49ರಲ್ಲಿ ರಾಜ್ಯದ ಕೆಳಸದನದ ಬಹುಮತ ಉಳಿಸಿಕೊಂಡರು.